ಪ್ಲಾಸ್ಟಿಕ್ ಗಿಫ್ಟ್ ಕಾರ್ಡ್ ಬಿಡಬೇಕು ಅಂದ್ರೆ ಎಲ್ಲಿಂದ ಶುರು ಮಾಡೋದು?

"ನಮ್ ಅಂಗಡಿ ಗಿಫ್ಟ್ ಕಾರ್ಡ್ ಪ್ಲಾಸ್ಟಿಕ್ಕು, ಅದರ ಬದ್ಲು ಬೇರೆ ಏನ್ ಮಾಡಿಸ್ಬೋದು" ಅಂತ ಕೇಳೋರು ತುಂಬ ಜನ ಆಗಿದ್ದಾರೆ, ಒಬ್ಬೊಬ್ರಿಗೂ ಬೇರೆ ಬೇರೆ ಉತ್ತರ ಬರೆದು ಬರೆದು ಸಾಕಾಗಿ ಒಂದೇ ಕಡೆ ಬರೆದಿಡ್ತಿದೀನಿ. ಎಲ್ರೂ ಮೊದಲು ಕೇಳೋದು ರಟ್ಟು ಒಳ್ಳೇದಾ ಬಿದಿರು ಒಳ್ಳೇದಾ ಅಂತ. ಅದು ನಾಲ್ಕನೇ ಪ್ರಶ್ನೆ ಕಣ್ರೀ. ಮೊದಲನೇ ಪ್ರಶ್ನೆ, ನಿಮ್ ಕೌಂಟರ್‌ನಲ್ಲಿ ಆ ಕಾರ್ಡನ್ನ ಯಾವ ಮೆಷಿನ್ ಓದ್ತಿದೆ ಅನ್ನೋದು.

ಯಾಕಂದ್ರೆ ಗಿಫ್ಟ್ ಕಾರ್ಡ್ ಒಳಗಡೆ ದುಡ್ಡಿರಲ್ಲ. ದುಡ್ಡಿನ ಲೆಕ್ಕ ಇರೋದು ಬಿಲ್ಲಿಂಗ್ ಸಿಸ್ಟಮ್‌ನಲ್ಲಿ, ಕಾರ್ಡು ಒಂದು ನಂಬರ್ ಹೊತ್ಕೊಂಡು ಓಡಾಡತ್ತೆ ಅಷ್ಟೆ. ಆ ನಂಬರನ್ನ ರಟ್ಟಿನ ಮೇಲೆ ಬರೆದ್ರೂ ಆಯ್ತು, ಮೊಬೈಲ್‌ಗೆ ಕಳಿಸಿದ್ರೂ ಆಯ್ತು, ಬಿಲ್ಲಿಂಗ್ ಸಿಸ್ಟಮ್‌ಗೆ ಏನೂ ವ್ಯತ್ಯಾಸ ಇಲ್ಲ, ಓದೋಕೆ ಆದ್ರೆ ಸಾಕು. ಇದನ್ನ ಬಿಟ್ಟು ಮೆಟೀರಿಯಲ್‌ನಿಂದ ಶುರು ಮಾಡಿದವರೇ ಆಮೇಲೆ ಚೆಂದದ ಕಾರ್ಡ್ ಪ್ರಿಂಟ್ ಹಾಕಿಸಿ ಕೌಂಟರ್‌ನಲ್ಲಿ ಓದಲ್ಲ ಅಂತ ತಲೆ ಮೇಲೆ ಕೈ ಹೊತ್ಕೊಂಡು ಕೂರೋದು.

ಈಗ ಕೈಲಿರೋ ಕಾರ್ಡ್ ಬಗ್ಗೆ ಎರಡು ಮಾತು. ಸಾಮಾನ್ಯವಾಗಿ ಅದು ಪಿವಿಸಿ, ಅಂದ್ರೆ ಪಾಲಿವಿನೈಲ್ ಕ್ಲೋರೈಡ್, ನೀರಿನ ಪೈಪ್ ಮಾಡ್ತಾರಲ್ಲ ಅದೇ ಜಾತಿ. ಅಳತೆ ಐಎಸ್‌ಒ 7810 ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ 85.60 ಮಿ.ಮೀ. ಉದ್ದ, 53.98 ಮಿ.ಮೀ. ಅಗಲ, ದಪ್ಪ ಸುಮಾರು 0.76 ಮಿ.ಮೀ., ಬ್ಯಾಂಕ್ ಕಾರ್ಡ್‌ದೂ ಇದೇ ಅಳತೆ. ತೂಕ ಹೆಚ್ಚುಕಮ್ಮಿ 5 ಗ್ರಾಂ, ಸಾವಿರ ಕಾರ್ಡ್ ಹಂಚಿದ್ರೆ 5 ಕೆಜಿ ಪ್ಲಾಸ್ಟಿಕ್. ತೂಕ ಕಮ್ಮಿ ಅನ್ಸತ್ತೆ, ಆದ್ರೆ ತೊಂದ್ರೆ ಇರೋದು ಆಮೇಲೆ. ರೀಸೈಕ್ಲಿಂಗ್ ಘಟಕದಲ್ಲಿ ಕಸ ಬೇರೆ ಮಾಡೋ ಜರಡಿ ಇರತ್ತಲ್ಲ, ಇಷ್ಟು ಸಣ್ಣ ಸಾಮಾನು ಅದರ ಸಂದಿಲಿ ಕೆಳಗೆ ಬಿದ್ದು ಕಸಕ್ಕೆ ಹೋಗತ್ತೆ, ಇಲ್ಲಾ ಚಪ್ಪಟೆ ಇರೋದ್ರಿಂದ ಪೇಪರ್ ಜೊತೆ ಸೇರ್ಕೊಂಡು ಅದನ್ನೂ ಕೆಡ್ಸತ್ತೆ. ಸುಟ್ರೆ ಇನ್ನೂ ಕಷ್ಟ, ಪಿವಿಸಿಲಿ ಕ್ಲೋರಿನ್ ಇರೋದ್ರಿಂದ ಹೈಡ್ರೋಜನ್ ಕ್ಲೋರೈಡ್ ಅನ್ನೋ ಆಮ್ಲದ ಹೊಗೆ ಬರತ್ತೆ, ಬಯಲಲ್ಲಿ ಅರ್ಧಂಬರ್ಧ ಉರಿದ್ರೆ ಡಯಾಕ್ಸಿನ್ ಕೂಡ ಆಗತ್ತೆ.

ಶುರು ಮಾಡೋ ಮುಂಚೆ ಇಷ್ಟು ಹತ್ರ ಇಟ್ಕೊಳ್ಳಿ: ಈಗಿನ ಕಾರ್ಡ್ ಒಂದು, ಸ್ಕ್ಯಾನರ್‌ನ ಮಾಡೆಲ್ ನಂಬರ್, ಗೋಡೌನ್‌ನಲ್ಲಿ ಇನ್ನೂ ಎಷ್ಟು ಕಾರ್ಡ್ ಇದೆ ಅನ್ನೋ ಲೆಕ್ಕ, ಜನರ ಹತ್ರ ಖರ್ಚಾಗದೆ ಉಳಿದಿರೋ ಬ್ಯಾಲೆನ್ಸ್‌ದು ಒಂದು ರಿಪೋರ್ಟ್, ಬಿಲ್ಲಿಂಗ್ ಸಾಫ್ಟ್‌ವೇರ್‌ನವರ ಸಪೋರ್ಟ್ ನಂಬರ್. ಪ್ರಿಂಟಿಂಗ್ ಪ್ರೆಸ್‌ನವರಿಗೆ ಈಗಲೇ ಫೋನ್ ಮಾಡ್ಬೇಡಿ.

1. ಕಾರ್ಡ್ ತಿರುಗಿಸಿ ನೋಡಿ

ಹಿಂದೆ ಕಪ್ಪು ಅಥವಾ ಕಂದು ಬಣ್ಣದ ಪಟ್ಟಿ ಇದ್ರೆ ಅದು ಮ್ಯಾಗ್ನೆಟಿಕ್ ಸ್ಟ್ರೈಪು, ಉಜ್ಜಿ ಓದೋದು. ಗೆರೆ ಗೆರೆ ಇದ್ರೆ ಬಾರ್‌ಕೋಡು. ಚೌಕದೊಳಗೆ ಚುಕ್ಕಿ ಚುಕ್ಕಿ ಇದ್ರೆ ಕ್ಯೂಆರ್. ಇದ್ಯಾವುದೂ ಇಲ್ಲದೆ ಮುಟ್ಟಿಸಿದ್ರೆ ಓದತ್ತೆ ಅಂದ್ರೆ ಒಳಗೆ ಚಿಪ್ ಇರತ್ತೆ, ಕತ್ತಲಲ್ಲಿ ಕಾರ್ಡ್ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿ, ತೆಳು ಬಣ್ಣದ ಕಾರ್ಡ್ ಆದ್ರೆ ಅಂಚಿನ ಸುತ್ತ ಸುತ್ತಿರೋ ತಂತಿ ನೆರಳಿನ ಹಾಗೆ ಕಾಣತ್ತೆ, ಅದೇ ಆಂಟೆನಾ.

ಸ್ಟ್ರೈಪ್ ಇರೋರು ಸಾಫ್ಟ್‌ವೇರ್‌ನವರಿಗೆ ಒಂದೇ ಪ್ರಶ್ನೆ ಕೇಳಿ: "ಇದೇ ನಂಬರನ್ನ ಬಾರ್‌ಕೋಡ್‌ನಲ್ಲಿ ಹಾಕಿದ್ರೆ ನಿಮ್ ಸಿಸ್ಟಮ್ ತಗೊಳತ್ತಾ?" ಸಾಮಾನ್ಯವಾಗಿ ಹೌದು ಅಂತಾರೆ, ಯಾಕಂದ್ರೆ ಸ್ಟ್ರೈಪ್‌ನಲ್ಲಿರೋದೂ ಬರೀ ಅಂಕಿಗಳೇ, ಎರಡನೇ ಟ್ರ್ಯಾಕ್ ಅಂತ ಕರಿಯೋ ಸಾಲಲ್ಲಿ ಹೆಚ್ಚಂದ್ರೆ 40 ಕ್ಯಾರೆಕ್ಟರ್ ಹಿಡಿಯತ್ತೆ. ಸ್ಟ್ರೈಪ್ ಹೋಯ್ತು ಅಂದ್ರೆ ಅರ್ಧ ಕೆಲಸ ಮುಗೀತು, ಆಮೇಲೆ ಯಾವ ಮೆಟೀರಿಯಲ್ ಬೇಕಾದ್ರೂ ಆರಿಸ್ಕೋಬೋದು. ಸ್ಟ್ರೈಪ್ ಇರೋ ರಟ್ಟಿನ ಕಾರ್ಡ್ ಕೂಡ ಮಾಡ್ತಾರೆ, ಆದ್ರೆ ಉಜ್ಜೋ ಸಂದಿ ಇರೋದು 0.76 ಮಿ.ಮೀ. ದಪ್ಪಕ್ಕೆ, ತೆಳು ರಟ್ಟು ಅದರೊಳಗೆ ಅಲ್ಲಾಡಿ ನಾಲ್ಕು ಸಲ ಉಜ್ಜಿದ್ರೆ ಒಂದ್ ಸಲ ಓದತ್ತೆ, ಕ್ಯೂನಲ್ಲಿ ನಿಂತೋರು ಮುಖ ಗಂಟು ಹಾಕ್ಕೋತಾರೆ.

ಆಮೇಲೆ ಸ್ಕ್ಯಾನರ್. ಇಲ್ಲಿ ಎಡವೋರೇ ಜಾಸ್ತಿ. ಒಂದು ಸಣ್ಣ ಕೆಂಪು ಗೆರೆ ಮಾತ್ರ ಬೀಳೋ ಹಳೇ ಲೇಸರ್ ಸ್ಕ್ಯಾನರ್ ಗೆರೆ ಬಾರ್‌ಕೋಡ್ ಮಾತ್ರ ಓದತ್ತೆ, ಕ್ಯೂಆರ್ ಓದೋದೇ ಇಲ್ಲ, ಮೊಬೈಲ್ ಪರದೆ ಮೇಲಿರೋ ಬಾರ್‌ಕೋಡ್ ಕೂಡ ಸಾಮಾನ್ಯವಾಗಿ ಓದಲ್ಲ. ಇಮೇಜರ್ ಅಂತ ಇನ್ನೊಂದು ಬರತ್ತೆ, ಒಳಗೆ ಕ್ಯಾಮೆರಾ ಇರೋದು, ಅದು ಎಲ್ಲಾ ಓದತ್ತೆ. ನಿಮ್ದು ಯಾವುದು ಅಂತ ತಿಳ್ಕೊಳ್ಳೋಕೆ ಮ್ಯಾನ್ಯುವಲ್ ಹುಡುಕೋದು ಬೇಡ, ಮೊಬೈಲ್‌ನಲ್ಲಿ ಯಾವುದಾದ್ರೂ ಕ್ಯೂಆರ್ ತೆಗೆದು ಸ್ಕ್ಯಾನರ್ ಮುಂದೆ ಹಿಡೀರಿ, ಬೀಪ್ ಅಂದ್ರೆ ಇಮೇಜರ್. ಬೀಪ್ ಬರ್ಲಿಲ್ಲ ಅಂದ್ರೂ ಸೆಟ್ಟಿಂಗ್‌ನಲ್ಲಿ ಕ್ಯೂಆರ್ ಆಫ್ ಮಾಡಿಟ್ಟಿರ್ಬೋದು, ಒಂದ್ಸಲ ಸಪೋರ್ಟ್‌ನವರನ್ನ ಕೇಳಿ.

2. ಹಳೇ ಸ್ಟಾಕ್ ಎಸೀಬೇಡಿ

ಪರಿಸರದ ಕಾಳಜಿ ಅಂತ ಡಬ್ಬದಲ್ಲಿರೋ ಹೊಸ ಪ್ಲಾಸ್ಟಿಕ್ ಕಾರ್ಡ್‌ಗಳನ್ನ ಎಸೆದು ರಟ್ಟಿಂದು ಮಾಡಿಸೋದು ನೆಗಡಿ ಆಯ್ತು ಅಂತ ಮೂಗು ಕೊಯ್ಕೊಂಡ ಹಾಗೆ. ಆ ಪ್ಲಾಸ್ಟಿಕ್ ಆಗಲೇ ತಯಾರಾಗಿದೆ, ಮುಗಿಯೋ ತನಕ ಮಾರಿ, ಹೊಸ ಆರ್ಡರ್ ಮಾತ್ರ ನಿಲ್ಸಿ.

ಇನ್ನೂ ಒಂದಿದೆ. ಬ್ಯಾಲೆನ್ಸ್ ಸೊನ್ನೆ ಆದ ಕಾರ್ಡನ್ನ ಗಿರಾಕಿ ಏನ್ ಮಾಡ್ತಾರೆ? ಕೌಂಟರ್‌ನಲ್ಲೇ ಬಿಟ್ಟು ಹೋಗ್ತಾರೆ, ನೀವು ಕಸಕ್ಕೆ ಹಾಕ್ತೀರಿ. ಹಾಗೆ ಮಾಡೋ ಬದ್ಲು ಒಂದು ಡಬ್ಬ ಇಡಿ. ನಿಮ್ ಸಿಸ್ಟಮ್‌ನಲ್ಲಿ ರೀಲೋಡ್ ಇದ್ರೆ, ಅಂದ್ರೆ ಅದೇ ನಂಬರ್‌ಗೆ ಮತ್ತೆ ದುಡ್ಡು ತುಂಬೋ ಸೌಲಭ್ಯ ಇದ್ರೆ, ಒರೆಸಿ ಮತ್ತೆ ಮಾರ್ಬೋದು. ಎಚ್ಚರಿಕೆ ಒಂದು: ಹಿಂದೆ ಕೆರೆದು ನೋಡೋ ಪಿನ್ ಇರೋ ಕಾರ್ಡ್ ಆದ್ರೆ ರೀಲೋಡ್ ಮಾಡಿ ಬೇರೆಯವರಿಗೆ ಮಾರ್ಬೇಡಿ, ಆ ಪಿನ್ ಹಳಬರು ನೋಡಿ ಆಗಿರತ್ತೆ. ಅವರದೇ ಕಾರ್ಡ್‌ಗೆ ಅವರೇ ತುಂಬಿಸ್ಕೊಂಡ್ರೆ ತೊಂದ್ರೆ ಇಲ್ಲ.

3. ಕಾರ್ಡೇ ಬೇಡದವರಿಗೆ ಕಾರ್ಡ್ ಕೊಡ್ಬೇಡಿ

ಎಲ್ಲಕ್ಕಿಂತ ಕಮ್ಮಿ ಕಸ ಆಗೋದು ತಯಾರೇ ಆಗದ ಕಾರ್ಡ್‌ನಿಂದ. ಇಮೇಲ್, ಎಸ್ಸೆಮ್ಮೆಸ್, ಇಲ್ಲಾ ಆಪಲ್ ವಾಲೆಟ್, ಗೂಗಲ್ ವಾಲೆಟ್‌ಗೆ ಸೇರ್ಸೋ ಪಾಸು, ಇದರಲ್ಲಿ ಯಾವುದು ನಿಮ್ ಸಾಫ್ಟ್‌ವೇರ್‌ನಲ್ಲಿ ಇದ್ಯೋ ಅದನ್ನ ಮೊದಲು ಆನ್ ಮಾಡಿ. ಎಷ್ಟೋ ಸಿಸ್ಟಮ್‌ಗಳಲ್ಲಿ ಇದು ಮೊದಲೇ ಇರತ್ತೆ, ಯಾರೂ ಆನ್ ಮಾಡಿರಲ್ಲ ಅಷ್ಟೆ. ಸರ್ವರ್‌ಗೂ ಕರೆಂಟ್ ಬೇಕಲ್ವಾ ಅಂತ ಕೇಳ್ತಾರೆ ಕೆಲವರು, ಬೇಕು, ಆದ್ರೆ ಪ್ಲಾಸ್ಟಿಕ್ ಕಾರ್ಡ್ ಇದ್ದಾಗ್ಲೂ ಲೆಕ್ಕ ಇರ್ತಿದ್ದಿದ್ದು ಅದೇ ಸರ್ವರ್‌ನಲ್ಲಿ.

ಇಲ್ಲಿ ಕಾಲು ಜಾರೋ ಜಾಗಗಳು ನೋಡಿ. ಇಮೇಲ್ ವಿಳಾಸದಲ್ಲಿ ಒಂದಕ್ಷರ ತಪ್ಪಿದ್ರೆ ದುಡ್ಡು ಯಾರಿಗೋ ಹೋಗತ್ತೆ, ಹಾಗಾಗಿ ಉಡುಗೊರೆ ಸಿಗಬೇಕಾದವರ ಜೊತೆ ಕೊಂಡವರಿಗೂ ಒಂದು ರಶೀದಿ ಹೋಗ್ಲಿ, ಮತ್ತೆ ಕಳಿಸೋ ಬಟನ್ ಇರ್ಲಿ, ಹಳೇದನ್ನ ರದ್ದು ಮಾಡೋಕೂ ಬರ್ಲಿ. "ನಿಮಗೆ ಗಿಫ್ಟ್ ಬಂದಿದೆ, ಲಿಂಕ್ ಒತ್ತಿ" ಅಂತ ಬರೋ ಮೆಸೇಜ್ ನೋಡಿದ್ರೆ ಬುದ್ಧಿ ಇರೋ ಯಾರಾದ್ರೂ ಮೋಸ ಅಂತ ಅಳಿಸಿ ಹಾಕ್ತಾರೆ, ಅದಕ್ಕೇ ಮೊದಲ ಸಾಲಲ್ಲೇ ಕೊಟ್ಟವರ ಹೆಸ್ರು ಬರ್ಲಿ, ಲಾಗಿನ್, ಬ್ಯಾಂಕ್ ವಿವರ ಏನೂ ಕೇಳ್ಬೇಡಿ.

ಆಮೇಲೆ ಬಿಲ್ ಪೇಪರ್ ಮೇಲೆ ಕೋಡ್ ಪ್ರಿಂಟ್ ಮಾಡಿ ಕೊಡೋರಿದ್ದಾರೆ. ಪುಕ್ಕಟೆ ಉಪಾಯ ಅನ್ಸತ್ತೆ, ಆದ್ರೆ ಬಿಲ್ ಮೆಷಿನ್‌ದು ಥರ್ಮಲ್ ಪೇಪರು, ಇಂಕ್ ಇರಲ್ಲ, ಶಾಖಕ್ಕೆ ಕಪ್ಪಾಗೋ ಲೇಪ ಇರತ್ತೆ, ಆರು ತಿಂಗಳು ಪರ್ಸಲ್ಲಿಟ್ಟು ತೆಗೆದ್ರೆ ಬಿಳೀ ಚೀಟಿ ಸಿಗ್ಬೋದು. ಆ ಲೇಪದಲ್ಲಿ ಬಿಪಿಎ, ಬಿಪಿಎಸ್ ಅನ್ನೋ ರಾಸಾಯನಿಕ ಇರೋದೂ ಉಂಟು, ಹಾಗಾಗಿ ಅದನ್ನ ಪೇಪರ್ ರೀಸೈಕ್ಲಿಂಗ್‌ಗೂ ಹಾಕೋ ಹಾಗಿಲ್ಲ. ಇವತ್ತೇ ಕೊಂಡು ನಾಳೆನೇ ಖರ್ಚು ಮಾಡೋದಾದ್ರೆ ಸರಿ, ಉಡುಗೊರೆಗೆ ಬೇಡ.

ಡಿಜಿಟಲ್ ಬಂತು ಅಂತ ಕೈಲಿ ಹಿಡಿಯೋ ಕಾರ್ಡ್ ಪೂರ್ತಿ ನಿಲ್ಲಿಸೋದೂ ತಪ್ಪೇ. ಸ್ಮಾರ್ಟ್‌ಫೋನ್ ಇಲ್ಲದವರಿದ್ದಾರೆ, ಇದ್ರೂ ಕಣ್ಣು ಕಾಣದವರಿದ್ದಾರೆ, ಕೈಗೆ ಏನಾದ್ರೂ ಕೊಟ್ರೇನೇ ಕೊಟ್ಟ ಹಾಗೆ ಅನ್ನೋರಂತೂ ತುಂಬ. ಮುಂದಿನದೆಲ್ಲ ಅವರಿಗೋಸ್ಕರ.

4. ಈಗ ಮೆಟೀರಿಯಲ್

ನನ್ನ ಮಟ್ಟಿಗೆ ಹೆಚ್ಚಿನವರಿಗೆ ಸಾದಾ ರಟ್ಟೇ ಸರಿ, ಪ್ಲಾಸ್ಟಿಕ್ ಹಾಳೆ ಅಂಟಿಸದೇ ಇರೋದು. 350 ಜಿಎಸ್ಎಮ್ ರಟ್ಟಲ್ಲಿ ಅದೇ ಅಳತೆ ಕಾರ್ಡ್ ಕತ್ತರಿಸಿದ್ರೆ ತೂಕ 1.6 ಗ್ರಾಂ ಬರತ್ತೆ, ಪ್ಲಾಸ್ಟಿಕ್‌ನ ಮೂರನೇ ಒಂದು ಭಾಗ. ಜಿಎಸ್ಎಮ್ ಅಂದ್ರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗತ್ತೆ ಅನ್ನೋದು, ನೋಟ್‌ಬುಕ್ ಹಾಳೆ 60-70 ಇರತ್ತೆ. ರೀಸೈಕಲ್ ಆದ ರಟ್ಟು ಇಲ್ಲಾ ಎಫ್ಎಸ್‌ಸಿ ಗುರುತಿರೋದು ಕೇಳಿ. 1993ರಲ್ಲಿ ಶುರುವಾದ ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನವರ ಗುರುತು ಅದು, ಅದರಲ್ಲೂ ಮೂರು ಥರ ಇದೆ: ನೂರಕ್ಕೆ ನೂರು ಪ್ರಮಾಣಿತ ಕಾಡಿನ ಮರದ್ದು, ಮಿಕ್ಸ್, ರೀಸೈಕಲ್ಡ್. ಬರೀ "ಎಫ್ಎಸ್‌ಸಿ" ಅಂದ್ರೆ ಯಾವುದು ಅಂತ ಕೇಳಿ.

ಮರ, ಬಿದಿರು: ಕೈಗೆ ಚೆನ್ನಾಗಿರತ್ತೆ, ರೀಲೋಡ್ ಮಾಡಿ ವರ್ಷಗಟ್ಟಲೆ ಬಳಸೋರಿಗೆ ಕೊಡ್ಬೋದು. ತೆಳು ಪದರಗಳನ್ನ ಗೋಂದಲ್ಲಿ ಅಂಟಿಸಿರ್ತಾರೆ, ಆ ಗೋಂದು ಏನು ಅಂತ ಕೇಳಿ. ಒಂದ್ಸಲ ಬಳಸಿ ಬಿಸಾಡೋ ಕಾರ್ಡ್‌ಗೆ ಇದು ದಂಡ.

ಪಿಎಲ್ಎ: ಮೆಕ್ಕೆಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯಿಂದ ಮಾಡೋ ಪ್ಲಾಸ್ಟಿಕ್. "ಮಣ್ಣಲ್ಲಿ ಮಣ್ಣಾಗತ್ತೆ" ಅಂತ ಮಾರ್ತಾರೆ, ಹಿತ್ತಲ ಮಣ್ಣಲ್ಲಿ ಹೂತು ನೋಡಿ, ವರ್ಷ ಬಿಟ್ಟು ತೆಗೆದ್ರೂ ಹಾಗೇ ಇರತ್ತೆ. ಅದು ಕೊಳೆಯೋಕೆ ಕಾರ್ಖಾನೆ ಮಟ್ಟದ ಕಾಂಪೋಸ್ಟ್ ಘಟಕ ಬೇಕು, 58 ಡಿಗ್ರಿ ಸೆಲ್ಸಿಯಸ್ ಆಸುಪಾಸು ಶಾಖ ಬೇಕು. ಯುರೋಪಿನ ಇಎನ್ 13432 ಅನ್ನೋ ಸ್ಟ್ಯಾಂಡರ್ಡ್ ಅಳೆಯೋದೂ ಅಂಥ ಘಟಕದ ಲೆಕ್ಕದಲ್ಲೇ, ಆರು ತಿಂಗಳೊಳಗೆ ಶೇ. 90ರಷ್ಟು ಜೈವಿಕವಾಗಿ ಒಡೀಬೇಕು ಅಂತ. ನಿಮ್ ಹತ್ರ ಅಂಥ ಘಟಕ ಇಲ್ಲ, ಇದ್ರೂ ಕಾರ್ಡ್ ತಗೊಳಲ್ಲ ಅಂದ್ರೆ ದುಡ್ಡು ದಂಡ. ಇನ್ನೊಂದು ತಮಾಷೆ, ಇದು 60 ಡಿಗ್ರಿ ಹತ್ರ ಮೆತ್ತಗಾಗತ್ತೆ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ರೆ ಹಪ್ಪಳದ ಥರ ಸೊಟ್ಟ ಆಗ್ಬೋದು.

"ಬಯೋಡಿಗ್ರೇಡಬಲ್ ಪಿವಿಸಿ", "ಆಕ್ಸೋ" ಅಂತೆಲ್ಲ ಹೇಳ್ಕೊಂಡು ಬಂದ್ರೆ ಬಾಗಿಲಲ್ಲೇ ಕೈ ಮುಗಿದು ಕಳಿಸಿ. ಆಕ್ಸೋ ಅನ್ನೋದು ಮಾಮೂಲಿ ಪ್ಲಾಸ್ಟಿಕ್‌ಗೆ ಏನೋ ಬೆರೆಸಿ ಚೂರು ಚೂರಾಗೋ ಹಾಗೆ ಮಾಡೋದು, ಆ ಚೂರು ಎಲ್ಲೂ ಹೋಗಲ್ಲ. ಯುರೋಪಿಯನ್ ಯೂನಿಯನ್ 2021ರ ಜುಲೈನಿಂದ ಆಕ್ಸೋ ಪ್ಲಾಸ್ಟಿಕ್‌ನ ಸಾಮಾನು ಮಾರೋದನ್ನೇ ನಿಷೇಧಿಸಿದೆ.

ಕಲ್ಲಿನ ಕಾಗದ ಅಂತ ಹೊಸದಾಗಿ ಕೇಳ್ತಿರ್ತೀರಿ. ಸುಣ್ಣದ ಕಲ್ಲಿನ ಪುಡಿ ಜೊತೆಗೆ ಎಚ್‌ಡಿಪಿಇ ಪ್ಲಾಸ್ಟಿಕ್ ಬೆರೆಸಿ ಮಾಡಿದ್ದು, ಹೆಸರಲ್ಲಿ ಮಾತ್ರ ಕಾಗದ, ಪೇಪರ್ ಜೊತೆ ರೀಸೈಕಲ್ ಆಗಲ್ಲ. ಬೀಜದ ಕಾಗದ ನೆಟ್ಟರೆ ಮೊಳಕೆ ಬರತ್ತೆ, ಮಕ್ಕಳಿಗೆ ಖುಷಿ, ಆದ್ರೆ ಬೀಜ ಉಬ್ಬಿರೋ ಮೇಲ್ಮೈಲಿ ಬಾರ್‌ಕೋಡ್ ಸರಿಯಾಗಿ ಕೂರಲ್ಲ, ಪರದೇಶದ ಬೀಜ ಆದ್ರೆ ಕಳೆ ಹಬ್ಬೋ ಅಪಾಯ. ಸ್ಥಳೀಯ ಬೀಜ ಅಂತ ಖಾತ್ರಿ ಇದ್ರೆ ಹೊರಗಿನ ಕವರ್ ಮಾತ್ರ ಅದರಲ್ಲಿ ಮಾಡಿಸಿ, ಕೋಡ್ ಒಳಗಿನ ಸಾದಾ ರಟ್ಟಲ್ಲಿ ಇರ್ಲಿ.

ಸ್ಟ್ರೈಪ್ ಬಿಡೋಕೆ ಆಗೋದೇ ಇಲ್ಲ ಅನ್ನೋರು ರೀಸೈಕಲ್ಡ್ ಪಿವಿಸಿ ಕೇಳ್ಬೋದು. ಹೊಸ ಪ್ಲಾಸ್ಟಿಕ್ ಉಳಿಯತ್ತೆ, ಕೊನೇಲಿ ಕಸ ಆಗೋದು ಮಾತ್ರ ತಪ್ಪಲ್ಲ.

5. ಪ್ರೆಸ್‌ನವರಿಗೆ ಈಗ ಫೋನ್ ಮಾಡಿ

"ಲ್ಯಾಮಿನೇಷನ್ ಬೇಡ" ಅಂತ ಬಾಯಲ್ಲಿ ಹೇಳಿದ್ರೆ ಸಾಲದು, ಆರ್ಡರ್‌ನಲ್ಲಿ ಬರೆಸಿ. ಲ್ಯಾಮಿನೇಷನ್ ಅಂದ್ರೆ ರಟ್ಟಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸೋದು, ಕೇಳದೇ ಇದ್ರೂ "ಫಿನಿಶಿಂಗ್ ಚೆನ್ನಾಗಿ ಬರತ್ತೆ ಸರ್" ಅಂತ ಹಾಕಿಬಿಡ್ತಾರೆ. ಅದರ ಬದ್ಲು ಅಕ್ವಿಯಸ್ ಕೋಟಿಂಗ್ ಕೇಳಿ, ನೀರಲ್ಲಿ ಕಲಸಿದ ವಾರ್ನಿಶ್ ಅದು, ಕೈಕೊಳೆಯಿಂದ ಸ್ವಲ್ಪ ಕಾಪಾಡತ್ತೆ, ರೀಸೈಕ್ಲಿಂಗ್‌ಗೂ ಅಡ್ಡ ಬರಲ್ಲ. ಮಿಂಚೋ ಚಿನ್ನದ ಫಾಯಿಲ್, ಗ್ಲಿಟರ್ ಬಿಟ್ಟುಬಿಡಿ.

ರಟ್ಟಿಗೂ ಎಳೆ ಇರತ್ತೆ, ಬಟ್ಟೆಗಿರೋ ಹಾಗೆ. ಎಳೆ ಕಾರ್ಡ್‌ನ ಉದ್ದಕ್ಕೆ ಬರೋ ಹಾಗೆ ಕತ್ತರಿಸಿದ್ರೆ ಗಟ್ಟಿ ನಿಲ್ಲತ್ತೆ, ಅಡ್ಡಕ್ಕೆ ಬಂದ್ರೆ ಪರ್ಸಲ್ಲಿಟ್ಟು ಕೂತರೆ ನಡುವಲ್ಲಿ ಮಡಚ್ಕೊಳತ್ತೆ. ಇದನ್ನ ಕೇಳಿದ್ರೆ ಪ್ರೆಸ್‌ನವರು ನಿಮ್ಮನ್ನ ಸ್ವಲ್ಪ ಬೇರೆ ಥರ ನೋಡೋಕೆ ಶುರು ಮಾಡ್ತಾರೆ, ಒಳ್ಳೇದೇ.

ಪಿನ್ ಮುಚ್ಚೋಕೆ ಕೆರೆಯೋ ಬೆಳ್ಳಿ ಪದರದ ಬದ್ಲು ಮಡಚಿ ಅಂಟಿಸಿದ ರಟ್ಟು ಮಾಡಿಸಿ, ಹರಿದು ತೆಗೆದ್ರೆ ಮಾತ್ರ ಒಳಗಿನ ನಂಬರ್ ಕಾಣೋ ಹಾಗೆ. ಇದು ಕಳ್ಳತನದ ವಿಷಯ, ಸುಮ್ನೆ ಬಿಡ್ಬೇಡಿ: ಅಂಗಡಿ ಸ್ಟ್ಯಾಂಡ್‌ನಲ್ಲಿ ನೇತಾಕಿರೋ ಕಾರ್ಡ್‌ನ ನಂಬರ್, ಪಿನ್ ಬರ್ಕೊಂಡು, ಕೆರೆದ ಜಾಗಕ್ಕೆ ಹೊಸ ಸ್ಟಿಕ್ಕರ್ ಹಚ್ಚಿ ವಾಪಸ್ ಇಟ್ಟು, ಯಾರಾದ್ರೂ ಕೊಂಡು ಆಕ್ಟಿವೇಟ್ ಆದ ತಕ್ಷಣ ದುಡ್ಡು ಖಾಲಿ ಮಾಡೋರಿದ್ದಾರೆ. ಆಕ್ಟಿವೇಟ್ ಅಂದ್ರೆ ಬಿಲ್ ಆದಾಗ ಆ ನಂಬರ್‌ಗೆ ದುಡ್ಡು ಸೇರೋದು, ಅಲ್ಲಿ ತನಕ ಕಾರ್ಡ್ ಖಾಲಿ. ಹರಿದ ರಟ್ಟನ್ನ ಕಾಣದ ಹಾಗೆ ಮತ್ತೆ ಅಂಟಿಸೋದು ಸ್ಟಿಕ್ಕರ್ ಹಚ್ಚಿದಷ್ಟು ಸುಲಭ ಅಲ್ಲ.

6. ಕೋಡ್ ಎಲ್ಲಿ, ಹೇಗೆ

ನನಗೆ ಗೊತ್ತಿರೋ ಒಂದು ಅಂಗಡಿಯವರು ಕಂದು ಕ್ರಾಫ್ಟ್ ರಟ್ಟಿನ ಮೇಲೆ ಇಟ್ಟಿಗೆ ಬಣ್ಣದಲ್ಲಿ ಬಾರ್‌ಕೋಡ್ ಹಾಕ್ಸಿದ್ರು, ನೋಡೋಕೆ ಭಾರೀ ಚೆಂದ, ಕಣ್ಣಿಗೆ ಗೆರೆ ಸ್ಪಷ್ಟ ಕಾಣ್ತಿತ್ತು, ಸ್ಕ್ಯಾನರ್ ಮಾತ್ರ ಒಂದನ್ನೂ ಓದ್ಲಿಲ್ಲ. ಸ್ಕ್ಯಾನರ್‌ನ ಬೆಳಕು ಕೆಂಪು, ಕೆಂಪು ಬೆಳಕಲ್ಲಿ ಕೆಂಪು ಶಾಯಿ ಬಿಳಿ ಹಾಳೆ ಥರಾನೇ ಕಾಣತ್ತೆ, ಗೆರೆನೇ ಮಾಯ. ಅಷ್ಟೂ ಕಾರ್ಡ್‌ಗೆ ಬಿಳಿ ಲೇಬಲ್ ಅಂಟಿಸ್ಕೊಂಡು ಕೂತ್ರು. ಹಾಗಾಗಿ ಕೋಡ್ ಇರೋ ಜಾಗ ಬಿಳಿ, ಗೆರೆ ಅಪ್ಪಟ ಕಪ್ಪು, ಉಳಿದ ಕಡೆ ಬೇಕಾದ ಬಣ್ಣ ಆಡ್ಕೊಳ್ಳಿ.

ಕ್ಯೂಆರ್ ಆದ್ರೆ ಸುತ್ತ ನಾಲ್ಕು ಚುಕ್ಕಿ ಅಗಲದಷ್ಟು ಖಾಲಿ ಬಿಡಿ, ಅಗಲ 2 ಸೆಂ.ಮೀ.ಗಿಂತ ಕಮ್ಮಿ ಬೇಡ. ಎರರ್ ಕರೆಕ್ಷನ್ ಅಂತ ನಾಲ್ಕು ಮಟ್ಟ ಇರತ್ತೆ, ಕೋಡ್ ಎಷ್ಟು ಹಾಳಾದ್ರೂ ಓದ್ಬೋದು ಅನ್ನೋದು: ಎಲ್ ಶೇ. 7, ಎಮ್ 15, ಕ್ಯೂ 25, ಎಚ್ 30. ರಟ್ಟು ಸವೆಯತ್ತೆ, ಕ್ಯೂ ಅಥವಾ ಎಚ್ ಹಾಕ್ಸಿ. ಬಿಟ್ಟಿ ಸೈಟ್‌ಗಳಲ್ಲಿ "ಡೈನಾಮಿಕ್ ಕ್ಯೂಆರ್" ಮಾಡಿಸ್ಲೇಬೇಡಿ, ಅದು ಅವರ ಲಿಂಕ್ ಮೂಲಕ ಹೋಗತ್ತೆ, ಅವರು ಅಂಗಡಿ ಮುಚ್ಚಿದ ದಿನ ನಿಮ್ ಕಾರ್ಡ್ ಎಲ್ಲಾ ಸತ್ತು ಹೋಗತ್ತೆ. ಕೋಡ್ ಒಳಗೆ ನಂಬರ್ ಮಾತ್ರ ಇರ್ಲಿ.

ನಂಬರ್ ಕೆಳಗಡೆ ಓದೋ ಹಾಗೆ ದೊಡ್ಡಕ್ಷರದಲ್ಲೂ ಇರ್ಲಿ, ನಾಲ್ಕು ನಾಲ್ಕು ಅಂಕಿಯಾಗಿ ಬಿಡಿಸಿ. 1001, 1002 ಅಂತ ಸಾಲಾಗಿ ಕೊಡ್ಬೇಡಿ, ಒಂದು ಕಾರ್ಡ್ ಕೊಂಡವನು ಮುಂದಿನದನ್ನ ಊಹೆ ಮಾಡ್ತಾನೆ. ಕೊನೇ ಅಂಕಿ ಚೆಕ್ ಡಿಜಿಟ್ ಆಗಿರ್ಲಿ, ಲೂನ್ ಲೆಕ್ಕ ಅಂತ ಬ್ಯಾಂಕ್ ಕಾರ್ಡ್‌ಗಳಲ್ಲಿ ಬಳಸ್ತಾರೆ, ಕೌಂಟರ್‌ನಲ್ಲಿ ಟೈಪ್ ಮಾಡೋವಾಗ ಒಂದು ಅಂಕಿ ತಪ್ಪಾದ್ರೆ ತಕ್ಷಣ ಹಿಡಿಯತ್ತೆ.

7. ಸ್ಯಾಂಪಲ್ ಬಂದ ಮೇಲೆ

ಹತ್ತು ಕಾರ್ಡ್ ಮೊದಲು ತರಿಸಿ. ಒಂದನ್ನ ಹರೀರಿ, ನಿಧಾನಕ್ಕೆ, ಮೂಲೆಯಿಂದ. ಬರೀ ರಟ್ಟಾದ್ರೆ ಅಂಚಲ್ಲಿ ಬಿಳೀ ನಾರು ನಾರಾಗಿ ಬಿಟ್ಕೊಂಡು ಸುಲಭಕ್ಕೆ ಹರಿಯತ್ತೆ. ಪ್ಲಾಸ್ಟಿಕ್ ಹಾಳೆ ಅಂಟಿಸಿದ್ರೆ ರಟ್ಟು ಹರಿದ್ರೂ ಮೇಲೊಂದು ಪೊರೆ ಎಳ್ಕೊಂಡು ಬರತ್ತೆ, ಉಗುರು ಹಾಕಿ ಎತ್ತಿದ್ರೆ ಹಲ್ಲಿ ಪೊರೆ ಥರ ಸುಲ್ಕೊಳತ್ತೆ. ಹಾಗೆ ಬಂದ್ರೆ ಆ ಕಾರ್ಡನ್ನ ಅದೇ ಸ್ಥಿತೀಲಿ ಪ್ರೆಸ್‌ಗೆ ತಗೊಂಡ್ ಹೋಗಿ ತೋರಿಸಿ, ವಾದ ಮಾಡೋ ಅಗತ್ಯ ಇರಲ್ಲ.

ಎರಡು ಕಾರ್ಡನ್ನ ಹದಿನೈದು ದಿನ ಪರ್ಸಲ್ಲಿ ಇಟ್ಕೊಳ್ಳಿ, ಒಂದರ ಮೇಲೆ ನೀರು ಚೆಲ್ಲಿ ಒರೆಸಿ, ಆಮೇಲೆ ಎಲ್ಲವನ್ನೂ ನಿಮ್ದೇ ಕೌಂಟರ್‌ನಲ್ಲಿ ನಿಮ್ದೇ ಸ್ಕ್ಯಾನರ್‌ನಲ್ಲಿ ಓದಿಸಿ. ಪ್ರೆಸ್‌ನವರ ಮೊಬೈಲ್‌ನಲ್ಲಿ ಓದಿದ್ದು ಲೆಕ್ಕಕ್ಕಿಲ್ಲ.

8. ಕೌಂಟರ್‌ನಲ್ಲಿ ಕೂರೋರಿಗೆ ಹೇಳಿ

ಹೊಸ ಕಾರ್ಡ್ ಬಂತು ಅಂದ್ರೆ ಹಳೇ ಪ್ಲಾಸ್ಟಿಕ್ ನಡೆಯಲ್ಲ ಅಂತ ಹುಡುಗರು ತಾವೇ ತೀರ್ಮಾನ ಮಾಡ್ಕೊಂಡಿರ್ತಾರೆ. ಜನರ ದುಡ್ಡು ಅದರಲ್ಲಿದೆ, ಅವಧಿ ಇರೋ ತನಕ ನಡೀಲೇಬೇಕು, ಸ್ಟ್ರೈಪ್ ಉಜ್ಜೋ ಮೆಷಿನ್ ಬ್ಯಾಲೆನ್ಸ್ ರಿಪೋರ್ಟ್ ಖಾಲಿ ಆಗೋ ತನಕ ತೆಗೀಬೇಡಿ. ಕೊಳ್ಳೋಕೆ ಬಂದವರಿಗೆ "ಮೊಬೈಲ್‌ಗೆ ಕಳಿಸ್ಲಾ, ಕಾರ್ಡ್ ಬೇಕಾ" ಅಂತ ಕೇಳೋದನ್ನ ರೂಢಿ ಮಾಡಿಸಿ, ಕೇಳೋ ಕ್ರಮ ಇದೇ ಇರ್ಲಿ. ಕಾರ್ಡ್ ಮೇಲೆ "ಪರಿಸರಸ್ನೇಹಿ" ಅಂತ ಬರೆಸೋ ಬದ್ಲು "ರಟ್ಟು, ಪ್ಲಾಸ್ಟಿಕ್ ಪದರ ಇಲ್ಲ, ಬಳಸಿದ ಮೇಲೆ ಪೇಪರ್ ಜೊತೆ ಹಾಕಿ" ಅಂತ ಬರೆಸಿ. ಪ್ಲಾಸ್ಟಿಕ್ ಕಿಟಕಿ ಇರೋ ಕವರ್‌ನಲ್ಲಿ ಹಾಕಿ ಮಾತ್ರ ಕೊಡ್ಬೇಡಿ ದಯವಿಟ್ಟು, ಅದನ್ನೂ ನೋಡಿದೀನಿ.

9. ಉಳಿದ ಹಳೇ ಪ್ಲಾಸ್ಟಿಕ್ ಕಾರ್ಡು

ಇದು ಅಂಗಡಿಯವರಿಗೂ ಸರಿ, ಮನೆ ಡ್ರಾಯರ್‌ನಲ್ಲಿ ಕಾರ್ಡ್ ಗುಡ್ಡೆ ಹಾಕ್ಕೊಂಡಿರೋರಿಗೂ ಸರಿ. ಮೊದಲು ಪ್ರತಿಯೊಂದರ ಬ್ಯಾಲೆನ್ಸ್ ನೋಡಿ, ಬಳಸದೇ ಮರೆತ ದುಡ್ಡು ಇರೋ ಸಾಧ್ಯತೆ ಇದ್ದೇ ಇದೆ. ಬ್ಯಾಲೆನ್ಸ್ ನೋಡೋಕೆ ಸರ್ಚ್‌ನಲ್ಲಿ ಮೇಲೆ ಬಂದ ಯಾವುದೋ ಸೈಟ್‌ಗೆ ಹೋಗಿ ನಂಬರ್, ಪಿನ್ ಹಾಕ್ಬೇಡಿ, ಕಾರ್ಡ್ ಹಿಂದೆ ಬರೆದಿರೋ ವಿಳಾಸ ಇಲ್ಲಾ ಫೋನ್ ನಂಬರ್ ಮಾತ್ರ. ಸೊನ್ನೆ ಆಗಿರೋದನ್ನ ಕೊಟ್ಟ ಅಂಗಡಿಗೇ ವಾಪಸ್ ಕೊಡೋಕೆ ಆಗತ್ತಾ ಕೇಳಿ. ಇಲ್ಲ ಅಂದ್ರೆ ಪಿವಿಸಿ ತಗೊಳ್ಳೋ ರೀಸೈಕ್ಲಿಂಗ್‌ನವರು ಇದ್ದಾರಾ ವಿಚಾರಿಸಿ, ನಂಬರ್ ಮೇಲೆ ಅಡ್ಡ ಕತ್ತರಿ ಹಾಕಿ, ಒಂದಿಷ್ಟು ಗುಡ್ಡೆ ಆದ ಮೇಲೆ ಒಟ್ಟಿಗೆ ಕೊಡಿ, ಒಂದೊಂದೇ ಒಣಕಸದ ಡಬ್ಬಕ್ಕೆ ಎಸೆದ್ರೆ ಮೇಲೆ ಹೇಳಿದ ಜರಡಿ ಕಥೆನೇ. ಚಿಪ್ ಇರೋದು ಮಾತ್ರ ಬೇರೆ ಇಡಿ, ಅದು ಎಲೆಕ್ಟ್ರಾನಿಕ್ ಕಸದ ಜೊತೆ ಹೋಗ್ಬೇಕು.